ಬೀರು ತುಂಬಿ ಬಾಗಿಲು ಮುಚ್ಚದಿದ್ದಾಗ: ಹ್ಯಾಂಗರ್ ತರುವ ಮುಂಚೆ ಟೇಪು ಹಿಡಿಯಿರಿ

ರಾತ್ರಿ ಎರಡು ಗಂಟೆಗೆ ಧಡಾರ್ ಎಂದು ಸದ್ದಾಯಿತು. ಎದ್ದು ನೋಡಿದರೆ ಹೆಂಡತಿ ಆಗಲೇ ಮೂಲೆಯಲ್ಲಿದ್ದ ಛತ್ರಿ ಹಿಡಿದುಕೊಂಡು ನಿಂತಿದ್ದಳು. ಕಳ್ಳ ಇರಲಿಲ್ಲ. ಬೀರುವಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ನನ್ನ ನೀಲಿ ಕೋಟಿನ ಒಂದು ತೋಳು ಹೊರಗೆ ಜೋತು ಬಿದ್ದಿತ್ತು. ಬಟ್ಟೆ ತೂಗುಹಾಕುವ ರಾಡು ಬಲಗಡೆಯ ಸ್ಕ್ರೂ ಸಮೇತ ಕಿತ್ತುಕೊಂಡು ಬಂದು, ಬಟ್ಟೆಯೆಲ್ಲ ಜಾರುಬಂಡೆ ಆಡಿದ ಹಾಗೆ ಒಂದು ಮೂಲೆಗೆ ರಾಶಿ ಬಿದ್ದಿತ್ತು.

ತಪ್ಪು ನನ್ನದೇ. ಎರಡು ದಿನ ಮುಂಚೆ 'ಜಾಗ ಉಳಿಸುವ' ಹ್ಯಾಂಗರ್‌ಗಳನ್ನು ತಂದಿದ್ದೆ. ಒಂದರ ಕೆಳಗೊಂದು ಐದು ಬಟ್ಟೆ ತೂಗುವ ಜಾತಿಯವು. ಹಾಕಿದ ಕೂಡಲೇ ರಾಡಿನ ಮೇಲೆ ಮೊಳದ ಹತ್ತಿರ ಜಾಗ ಖಾಲಿ ಕಂಡಿತು. ಖಾಲಿ ಜಾಗ ಕಂಡರೆ ಸುಮ್ಮನಿರುವ ಆಸಾಮಿ ನಾನಲ್ಲ. ಮಂಚದ ಕೆಳಗಿನ ಸೂಟ್‌ಕೇಸ್ ಎಳೆದು ಇನ್ನೂ 18 ಬಟ್ಟೆ ತುಂಬಿದೆ. ಮೊದಲು 46 ಇದ್ದವು, 64 ಆದವು. ಮಾರನೇ ದಿನ, ಪ್ರಯಾಣದ ಬ್ಯಾಗ್ ತೂಗುವ ಸಣ್ಣ ತಕ್ಕಡಿಗೆ ಒಂದೊಂದೇ ಕಂತೆ ನೇತುಹಾಕಿ ಲೆಕ್ಕ ಹಾಕಿದೆ. ಒಟ್ಟು 29 ಕೆಜಿ! ಅಷ್ಟನ್ನೂ ಎರಡು ಬದಿಯ ಎರಡೆರಡು ಗಿಡ್ಡ ಸ್ಕ್ರೂ ಹೊತ್ತಿದ್ದವು.

ಅವತ್ತು ತಲೆಗೆ ಹೋದ ವಿಷಯ ಇಷ್ಟೇ. ಹ್ಯಾಂಗರ್ ಜಾಗವನ್ನು ಹುಟ್ಟಿಸುವುದಿಲ್ಲ. ಅಗಲದಲ್ಲಿದ್ದದ್ದನ್ನು ಎತ್ತರಕ್ಕೆ ತಿರುಗಿಸಿ ಇಡುತ್ತದೆ. ಬಟ್ಟೆಯ ದಪ್ಪವೂ ತೂಕವೂ ಎಲ್ಲಿಗೂ ಓಡಿಹೋಗುವುದಿಲ್ಲ. ಇದನ್ನು ತಿಳಿದುಕೊಂಡು ಕೊಂಡರೆ ಈ ಹ್ಯಾಂಗರ್‌ಗಳು ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆ. ತಿಳಿಯದೆ ಕೊಂಡರೆ ಛತ್ರಿ ಹತ್ತಿರ ಇಟ್ಟುಕೊಳ್ಳಿ.

ಮೊದಲು ಮೂರು ಅಳತೆ

ರಾಡಿನ ಉದ್ದ ಎಲ್ಲರೂ ಅಳೆಯುತ್ತಾರೆ. ನನ್ನದು 92 ಸೆಂ.ಮೀ. ಇನ್ನೆರಡು ಅಳತೆಯನ್ನು ಜನ ಮರೆಯುತ್ತಾರೆ. ನಾನೂ ಮರೆತಿದ್ದೆ.

ಒಂದು, ಬೀರುವಿನ ಒಳಗಿನ ಆಳ. ಅಂದರೆ ಹಿಂದಿನ ಹಲಗೆಯಿಂದ ಮುಚ್ಚಿದ ಬಾಗಿಲಿನ ಒಳಮೈವರೆಗೆ. ದೊಡ್ಡವರ ಅಂಗಿಯ ಹ್ಯಾಂಗರ್ ಸಾಮಾನ್ಯವಾಗಿ 42ರಿಂದ 45 ಸೆಂ.ಮೀ. ಅಗಲ ಇರುತ್ತದೆ. ಅದರ ಮೇಲೆ ಬಟ್ಟೆಯ ತೋಳು ಎರಡೂ ಕಡೆ ಒಂದಿಷ್ಟು ಉಬ್ಬುತ್ತದೆ. ಹಾಗಾಗಿ ಒಳಗೆ 55ರಿಂದ 60 ಸೆಂ.ಮೀ. ಆಳ ಇದ್ದರೆ ಆರಾಮ. ನನ್ನ ಬೀರುವಿನ ಆಳ 52. ಸಾಲದ್ದಕ್ಕೆ ರಾಡನ್ನು ನಟ್ಟನಡುವೆ ಕೂರಿಸದೆ ಸ್ವಲ್ಪ ಮುಂದಕ್ಕೆ ಕೂರಿಸಿದ್ದರು. ಬಾಗಿಲಿನ ಒಳಮೈ ನೋಡಿದರೆ, ಭುಜದ ಎತ್ತರದಲ್ಲಿ ಸಾಲಾಗಿ ಅರ್ಧಚಂದ್ರದಂಥ ಗೀರುಗಳು. ಹ್ಯಾಂಗರ್ ತುದಿ ವರ್ಷಗಟ್ಟಲೆ ಉಜ್ಜಿ ಮಾಡಿದ ಗುರುತು. ನೋಡಿ, ಬಟ್ಟೆ ಜಾಸ್ತಿಯಾಗಿ ಬಾಗಿಲು ಮುಚ್ಚುತ್ತಿಲ್ಲ ಎಂದು ನಾನು ಅಷ್ಟು ವರ್ಷ ಅಂದುಕೊಂಡಿದ್ದೆ. ಅಸಲಿಗೆ ಹ್ಯಾಂಗರ್ ಅಗಲ ಜಾಸ್ತಿಯಾಗಿತ್ತು. 40 ಸೆಂ.ಮೀ. ಅಗಲದವನ್ನು ಹಾಕಿದ ದಿನ ಬಾಗಿಲು ತಾನಾಗಿಯೇ ಮುಚ್ಚಿತು. ಭುಜ ತೀರಾ ಅಗಲವಿರುವವರಿಗೆ ಈ ಉಪಾಯ ಆಗುವುದಿಲ್ಲ. ಹ್ಯಾಂಗರ್ ತುದಿ ಭುಜದ ಹೊಲಿಗೆಗಿಂತ ತುಂಬ ಒಳಗೆ ನಿಂತರೆ ಬಟ್ಟೆ ಅಲ್ಲಿ ಮಡಚಿ ಬೀಳುತ್ತದೆ.

ಎರಡು, ರಾಡಿನಿಂದ ಕೆಳಗೆ ಎಷ್ಟು ಎತ್ತರ ಇದೆ ಎಂಬುದು. ಅಂಗಿಯನ್ನು ಹ್ಯಾಂಗರಿಗೆ ಹಾಕಿ ತೂಗಿದರೆ ರಾಡಿನಿಂದ ಸುಮಾರು 90ರಿಂದ 100 ಸೆಂ.ಮೀ. ಕೆಳಗೆ ಬರುತ್ತದೆ. ಉದ್ದ ಕೋಟು, ಉದ್ದ ಗೌನು 140 ದಾಟುತ್ತದೆ. ನನ್ನ ಬೀರುವಿನಲ್ಲಿ ರಾಡಿನಿಂದ ತಳಕ್ಕೆ 165. ಅಂದರೆ ಅಂಗಿಗಳ ಕೆಳಗೆ 65 ಸೆಂ.ಮೀ. ಎತ್ತರ ಸುಮ್ನೆ ಬಿದ್ದಿತ್ತು. ಅಲ್ಲಿ ಖಾಲಿ ಶೂ ಡಬ್ಬಗಳು ವಾಸವಾಗಿದ್ದವು. ಜಾಗ ಉಳಿಸುವ ಹ್ಯಾಂಗರಿಗೆ ಬೇಕಾದ ಬಂಡವಾಳ ಇದೇ, ಈ ಕೆಳಗಿನ ಎತ್ತರ. ಅದು ನಿಮ್ಮಲ್ಲಿ ಇಲ್ಲದಿದ್ದರೆ ಐದು ಹಂತದ ಹ್ಯಾಂಗರ್ ತಂದು ಪ್ರಯೋಜನವಿಲ್ಲ. ಕೆಳಗಿನ ಬಟ್ಟೆಯ ಅಂಚು ತಳದಲ್ಲಿ ಮುದ್ದೆಯಾಗಿ ಕೂರುತ್ತದೆ.

ಹತ್ತು ಅಂಗಿಯ ಪರೀಕ್ಷೆ

ರಾಡು ರಿಪೇರಿ ಆದ ಮೇಲೆ ಒಂದು ಭಾನುವಾರ ಕೂತು ಇದನ್ನು ಮಾಡಿದೆ. ನೀವೂ ಮಾಡಿ, ಹತ್ತು ನಿಮಿಷದ ಕೆಲಸ. ಒಂದೇ ತರಹದ ಹತ್ತು ಅಂಗಿ ತೆಗೆದುಕೊಂಡೆ. ಮೊದಲು ಕೋಟಿಗೆ ಬಳಸುವ ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ, ಕೈಯಿಂದ ಒತ್ತದೆ, ಪಕ್ಕಪಕ್ಕ ತೂಗಿದೆ. ಮೊದಲ ಅಂಗಿಯಿಂದ ಕೊನೆಯ ಅಂಗಿಗೆ 38 ಸೆಂ.ಮೀ. ಆಯಿತು. ಅದೇ ಅಂಗಿಗಳನ್ನು ದುಂಡಗಿನ ಪ್ಲಾಸ್ಟಿಕ್ ಹ್ಯಾಂಗರಿಗೆ ಹಾಕಿದೆ, 25 ಬಂತು. ವೆಲ್ವೆಟ್‌ನಂತೆ ಕಾಣುವ ತೆಳು ಹ್ಯಾಂಗರಿಗೆ ಹಾಕಿದೆ, 17.

ನೋಡಿ, ಬಟ್ಟೆ ಒಂದೂ ಕಡಿಮೆಯಾಗಲಿಲ್ಲ. ಹ್ಯಾಂಗರ್ ಬದಲಾಗಿದ್ದಕ್ಕೇ ಒಂದು ಗೇಣು ಮಿಕ್ಕಿತು.

ಆಮೇಲೆ ಇದೇ ಪರೀಕ್ಷೆಯನ್ನು ಐದು ದಪ್ಪ ಜಾಕೆಟ್ಟುಗಳ ಮೇಲೆ ಮಾಡಿದೆ. ಮರದ್ದರಲ್ಲಿ 36, ತೆಳುವಿನದರಲ್ಲಿ 33. ವ್ಯತ್ಯಾಸ ಇಲ್ಲವೆನ್ನುವಷ್ಟು. ಕಾರಣ ಸರಳ. ಅಂಗಿಯ ಬಟ್ಟೆ ತೆಳು, ಅಲ್ಲಿ ಜಾಗ ತಿನ್ನುವುದು ಹ್ಯಾಂಗರ್. ಜಾಕೆಟ್ಟಿನಲ್ಲಿ ಜಾಗ ತಿನ್ನುವುದು ಜಾಕೆಟ್ಟೇ. ಆದ್ದರಿಂದ ಇಡೀ ಬೀರುವಿಗೆ ಒಂದೇ ಸಲ ಐವತ್ತು ಹೊಸ ಹ್ಯಾಂಗರ್ ತರುವ ಅಗತ್ಯವಿಲ್ಲ. ತೆಳು ಬಟ್ಟೆ ಎಷ್ಟಿದೆ ಎಂದು ಎಣಿಸಿ, ಅಷ್ಟಕ್ಕೆ ಮಾತ್ರ ತನ್ನಿ. ಕೋಟು, ಜಾಕೆಟ್ಟು ಅವುಗಳ ಅಗಲ ಭುಜದ ಹ್ಯಾಂಗರಿನಲ್ಲೇ ಇರಲಿ. ತೆಳುವಿನದಕ್ಕೆ ಹಾಕಿದರೆ ಕೋಟಿನ ಭುಜ ಕೆಡುತ್ತದೆ, ಹ್ಯಾಂಗರೂ ಬಾಗುತ್ತದೆ.

ಇನ್ನೊಂದು ಸಂಗತಿ ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ನಾಲ್ಕು ಜಾತಿಯ ಹ್ಯಾಂಗರ್ ಬೆರೆಸಿ ತೂಗಿದರೆ, ಒಂದೊಂದರ ಕೊಕ್ಕೆಯ ಎತ್ತರ ಒಂದೊಂದು ತರಹ. ಒಂದರ ಭುಜ ಇನ್ನೊಂದರ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಒಂದು ಅಂಗಿ ಎಳೆದರೆ ಮೂರು ಬರುವುದು ಇದಕ್ಕೇ. ಎಲ್ಲ ಒಂದೇ ಜಾತಿ ಇದ್ದರೆ ತಟ್ಟೆ ಜೋಡಿಸಿದ ಹಾಗೆ ಒಂದರ ಬೆನ್ನಿಗೆ ಒಂದು ಒರಗಿ ಕೂರುತ್ತವೆ. ದುಡ್ಡು ಖರ್ಚು ಮಾಡುವ ಮನಸ್ಸಿಲ್ಲವಾ? ಇರುವುದನ್ನೇ ಜಾತಿವಾರು ವಿಂಗಡಿಸಿ ತೂಗಿ. ನಾಲ್ಕು ಬೆರಳು ಜಾಗ ಖಂಡಿತ ಸಿಗುತ್ತದೆ.

ಅಂದಹಾಗೆ, ತಂತಿಯ ಹ್ಯಾಂಗರ್ ಹುಟ್ಟಿದ್ದೇ ಜಾಗ ಸಾಲದೆ ಎಂದು ಒಂದು ಕಥೆ ಇದೆ. 1903ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ತಂತಿ ಸಾಮಾನು ಮಾಡುವ ಕಾರ್ಖಾನೆಯೊಂದರ ಕೆಲಸಗಾರ ಆಲ್ಬರ್ಟ್ ಪಾರ್ಕ್‌ಹೌಸ್ ಬೆಳಿಗ್ಗೆ ಬಂದಾಗ ಕೋಟು ಹಾಕುವ ಗೂಟಗಳೆಲ್ಲ ಭರ್ತಿಯಾಗಿದ್ದವಂತೆ. ಕೈಗೆ ಸಿಕ್ಕ ತಂತಿಯನ್ನೇ ಬಗ್ಗಿಸಿ ಕೋಟು ತೂಗಿದನಂತೆ. ಪೇಟೆಂಟು ಮಾತ್ರ ಅವನ ಹೆಸರಿಗೆ ಬರಲಿಲ್ಲವಂತೆ. ಗೂಟ ಸಾಲದೆ ಬಂದ ಹ್ಯಾಂಗರಿಗೇ ಈಗ ರಾಡು ಸಾಲುತ್ತಿಲ್ಲ. ತಂತಿಯದು ಇವತ್ತಿಗೂ ಎಲ್ಲಕ್ಕಿಂತ ತೆಳು, ಹೌದು. ಆದರೆ ಅಂಗಿಯ ಭುಜದಲ್ಲಿ ಮೊಳಕೆಯೊಡೆದ ಹಾಗೆ ಎರಡು ಗುಬುಟು ಎಬ್ಬಿಸುತ್ತದೆ, ತುಕ್ಕು ಹಿಡಿದರೆ ಕಲೆ. ಇಸ್ತ್ರಿ ಅಂಗಡಿಯಿಂದ ಬಂದ ತಂತಿ ಹ್ಯಾಂಗರನ್ನು ನಾನು ಬೀರುವಿಗೆ ಬಿಡುವುದಿಲ್ಲ. ಅದರ ಜೊತೆ ಬರುವ ಪ್ಲಾಸ್ಟಿಕ್ ಚೀಲವನ್ನೂ ಅಷ್ಟೇ. ಚೀಲದೊಳಗೆ ತೇವ ಸಿಕ್ಕಿಕೊಂಡರೆ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ.

ತೆಳು ವೆಲ್ವೆಟ್ ಹ್ಯಾಂಗರ್ ಆರಿಸುವಾಗ

ಹೆಸರು ವೆಲ್ವೆಟ್, ಆದರೆ ನೇಯ್ದ ಬಟ್ಟೆ ಅಲ್ಲ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟು ಬಳಿದು ಅದರ ಮೇಲೆ ಪುಡಿಯಷ್ಟು ಸಣ್ಣ ನೂಲೆಳೆಗಳನ್ನು ಕೂರಿಸಿರುತ್ತಾರೆ. ದಪ್ಪ ಅರ್ಧ ಸೆಂಟಿಮೀಟರಿನ ಆಸುಪಾಸು. ನುಣುಪು ಬಟ್ಟೆ, ಅಗಲ ಕತ್ತಿನ ಬಟ್ಟೆ ಇದರಿಂದ ಜಾರುವುದಿಲ್ಲ.

ಕೊಳ್ಳುವಾಗ ಬಿಳಿ ಕರವಸ್ತ್ರದ ತುದಿ ಒದ್ದೆ ಮಾಡಿ ಹ್ಯಾಂಗರಿನ ಭುಜದ ಮೇಲೆ ಗಟ್ಟಿಯಾಗಿ ನಾಲ್ಕು ಸಲ ಉಜ್ಜಿ. ಬಣ್ಣ ಅಥವಾ ನೂಲುಪುಡಿ ಕರವಸ್ತ್ರಕ್ಕೆ ಹತ್ತಿದರೆ ಅದು ನಿಮ್ಮ ಬಿಳಿ ಅಂಗಿಗೂ ಹತ್ತುತ್ತದೆ. ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಎರಡು ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ. ಸ್ವಲ್ಪ ಬಗ್ಗಿ ವಾಪಸ್ ಬರಬೇಕು. ಕೊಕ್ಕೆ ಸುತ್ತಲೂ ತಿರುಗಬೇಕು, ಆದರೆ ಲೊಡಲೊಡ ಅನ್ನಬಾರದು. ಕೊಕ್ಕೆಯನ್ನು ಪ್ಲಾಸ್ಟಿಕ್ಕಿಗೆ ಕೂರಿಸಿದ ಬುಡವೇ ಇದರ ಜೀವ. ಮುರಿಯುವುದು ಯಾವಾಗಲೂ ಅಲ್ಲೇ.

ಒದ್ದೆ ಬಟ್ಟೆಯನ್ನು ಇದರ ಮೇಲೆ ಒಣಗಿಸಬೇಡಿ. ಅಂಟು ಬಿಡುತ್ತದೆ, ಬಣ್ಣ ಇಳಿಯುತ್ತದೆ. ಒಣಗಿಸಲು ಹಳೆಯ ಪ್ಲಾಸ್ಟಿಕ್ಕಿನವೇ ವಾಸಿ, ಅದಕ್ಕೇ ನಾನು ಹತ್ತು ಉಳಿಸಿಕೊಂಡಿದ್ದೇನೆ. ಮತ್ತೆ, ಜಾರದಿರುವುದು ಇದರ ಗುಣ, ಅದೇ ಇದರ ಕಾಟ ಕೂಡ. ಬೆಳಿಗ್ಗೆಯ ಅವಸರದಲ್ಲಿ ಟೀ ಶರ್ಟನ್ನು ಕೆಳಗಿನಿಂದ ಎಳೆದರೆ ಹ್ಯಾಂಗರ್ ಬಿಡುವುದಿಲ್ಲ, ಕತ್ತು ಅಗಲವಾಗುತ್ತದೆ. ಹಾಕುವಾಗ ಹ್ಯಾಂಗರನ್ನು ಬಟ್ಟೆಯ ಕೆಳಗಿನಿಂದ ತೂರಿಸಿ ಕತ್ತಿನಿಂದ ಕೊಕ್ಕೆ ಹೊರಗೆ ತನ್ನಿ. ತೆಗೆಯುವಾಗ ಮೊದಲು ಒಂದು ಭುಜ ಎತ್ತಿ ಬಿಡಿಸಿ. ಎರಡು ವಾರದಲ್ಲಿ ಕೈಗೆ ರೂಢಿಯಾಗುತ್ತದೆ.

ಒಂದರ ಕೆಳಗೊಂದು: ಕೊಕ್ಕೆ, ಸರಪಳಿ, ಐದು ಹಂತದ ಪಟ್ಟಿ

ಇಲ್ಲೇ ಜನ ಜಾಸ್ತಿ ಮೋಸ ಹೋಗುವುದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಐದು ಹಂತದ ಪಟ್ಟಿ ಎಂದರೆ ಎರಡೂ ತುದಿಯಲ್ಲಿ ಕೊಕ್ಕೆ, ನಡುವೆ ತೂತುಗಳಿರುವ ಒಂದು ಪಟ್ಟಿ. ಎರಡೂ ಕೊಕ್ಕೆಯನ್ನು ರಾಡಿಗೆ ಸಿಕ್ಕಿಸಿ ಅಡ್ಡಲಾಗಿ ಇಟ್ಟುಕೊಂಡು ಐದು ಹ್ಯಾಂಗರ್ ಹಾಕಬೇಕು. ಆಮೇಲೆ ಒಂದು ಕೊಕ್ಕೆ ಬಿಡಿಸಿದರೆ ಪಟ್ಟಿ ಕೆಳಗೆ ಬಿದ್ದು ಲಂಬವಾಗಿ ನಿಲ್ಲುತ್ತದೆ. ಜಾಹೀರಾತಿನ ಚಿತ್ರದಲ್ಲಿ ಇದು ಮಾಯಾಜಾಲ. ಐದು ಬಟ್ಟೆ ಇದ್ದ ಕಡೆ ಒಂದೇ ಕೊಕ್ಕೆ!

ನಾನೂ ಹಾಗೆಯೇ ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಟೇಪು ಹಿಡಿದು ರಾಡಿನ ಹತ್ತಿರ ಅಳೆಯದೆ, ಅಂಗಿಗಳ ಹೊಟ್ಟೆಯ ಹತ್ತಿರ ಅಳೆದೆ. ಐದು ಅಂಗಿಯ ಕಂತೆ ಅಲ್ಲಿ 8 ಸೆಂ.ಮೀ. ದಪ್ಪ ಇತ್ತು. ಅದೇ ಐದು ಅಂಗಿ ತೆಳು ಹ್ಯಾಂಗರಿನಲ್ಲಿ ಪಕ್ಕಪಕ್ಕ ಇದ್ದಾಗ ಎಂಟೂವರೆ. ಅಂದರೆ ಉಳಿದದ್ದು ಅರ್ಧ ಸೆಂಟಿಮೀಟರು! ಮೇಲೆ ಖಾಲಿ ಕಾಣುತ್ತದೆ, ಕೆಳಗೆ ಬಟ್ಟೆಗಳು ಒಂದರ ಮೇಲೊಂದು ಹೊದ್ದುಕೊಂಡು ಉಬ್ಬಿರುತ್ತವೆ. ಆ ಖಾಲಿ ಕಂಡ ರಾಡಿನ ಮೇಲೆ ಇನ್ನಷ್ಟು ತೂಗಿದರೆ ಕೆಳಗಿನ ಹೊಟ್ಟೆಗಳು ಒಂದನ್ನೊಂದು ಒತ್ತುತ್ತವೆ, ಇಸ್ತ್ರಿ ಹಾಳು. ನಾನು 18 ಬಟ್ಟೆ ತುರುಕಿದ್ದು ಹೀಗೆಯೇ.

ಹಾಗಾದರೆ ಇದು ಬೇಡವಾ? ಬೇಕು, ಆದರೆ ಎಲ್ಲಕ್ಕೂ ಅಲ್ಲ. ದಪ್ಪ ಹ್ಯಾಂಗರ್ ಬಿಡುವ ಹಾಗಿಲ್ಲ ಎನ್ನುವವರಿಗೆ ಲಾಭ ಇದೆ. ಭುಜಗಳು ಬೇರೆ ಬೇರೆ ಎತ್ತರಕ್ಕೆ ಹೋಗುವುದರಿಂದ ಹ್ಯಾಂಗರಿನ ದಪ್ಪ ಒಂದರ ಪಕ್ಕ ಒಂದು ಕೂಡುವುದಿಲ್ಲ. ರೇಷ್ಮೆಯಂಥ ತೆಳು ಬಟ್ಟೆ, ತೋಳಿಲ್ಲದ ಬಟ್ಟೆ, ದುಪಟ್ಟಾ, ಸಣ್ಣ ಮಕ್ಕಳ ಬಟ್ಟೆಗೆ ಲಾಭ ಇದೆ. ಎಲ್ಲಕ್ಕಿಂತ ಒಳ್ಳೆಯ ಉಪಯೋಗವೆಂದರೆ, ಈ ಋತುವಿನಲ್ಲಿ ಹಾಕದ ತೆಳು ಬಟ್ಟೆಗಳನ್ನು ಒಂದು ಪಟ್ಟಿಗೆ ಹಾಕಿ ಮೂಲೆಗೆ ತಳ್ಳುವುದು. ದಿನಾ ಬೇಕಾಗುವ ಬಟ್ಟೆಗೆ ಮಾತ್ರ ಇದು ಬೇಡವೇ ಬೇಡ. ಐದರಲ್ಲಿ ಮೂರನೆಯದು ಬೇಕೆಂದರೆ ಕಂತೆಯನ್ನೇ ಬಿಚ್ಚಬೇಕು. ಒಂದು ವಾರ ಬಿಚ್ಚುತ್ತೀರಿ, ಎರಡನೇ ವಾರ ಮೇಲಿನ ಎರಡು ಅಂಗಿಯನ್ನೇ ತಿರುಗಿ ತಿರುಗಿ ಹಾಕುತ್ತೀರಿ.

ಚಿಕ್ಕ ಜೋಡಿಕೊಕ್ಕೆಗಳು ನನಗೆ ಇಷ್ಟ. ಒಂದು ಹ್ಯಾಂಗರಿನ ಕುತ್ತಿಗೆಗೆ ಸಿಕ್ಕಿಸಿ ಅದರ ಕೆಳಗೆ ಇನ್ನೊಂದು ಹ್ಯಾಂಗರ್ ತೂಗುವ ಬೆರಳಷ್ಟು ಉದ್ದದ ಕೊಕ್ಕೆ. ಎರಡರ ಜೋಡಿಗೆ ಬಳಸಿ. ಅಂಗಿ ಮುಂದೆ, ಅದಕ್ಕೆ ಹೊಂದುವ ಪ್ಯಾಂಟು ಹಿಂದೆ. ಭಾನುವಾರ ಇಸ್ತ್ರಿ ಮುಗಿದ ಮೇಲೆ ನಾನು ಐದು ದಿನದ ಐದು ಜೋಡಿ ಹೀಗೆ ತೂಗಿಬಿಡುತ್ತೇನೆ. ಬೆಳಿಗ್ಗೆ ಯೋಚನೆಯೇ ಇಲ್ಲ.

ತಂಪು ಪಾನೀಯದ ಡಬ್ಬಿಯ ಮೇಲಿನ ಎಳೆಯುವ ಕಿವಿಯನ್ನೂ ಇದಕ್ಕೇ ಬಳಸಬಹುದು. ಎರಡು ತೂತಿರುತ್ತದಲ್ಲ, ಒಂದು ತೂತಿಗೆ ಮೇಲಿನ ಹ್ಯಾಂಗರಿನ ಕೊಕ್ಕೆ ತೂರಿಸಿ, ಇನ್ನೊಂದಕ್ಕೆ ಕೆಳಗಿನದನ್ನು ಹಾಕುವುದು. ಕೆಲಸ ಮಾಡುತ್ತದೆ. ನಾನು ಮಾಡಿದ್ದೆ. ಕಿತ್ತಾಗ ಉಳಿದ ಚೂಪು ಅಂಚು ಬಿಳಿ ಅಂಗಿಯ ಕಾಲರಿನಲ್ಲಿ ಸಣ್ಣ ದಾರ ಎಬ್ಬಿಸಿತು. ದಾರ ಎಳೆದೆ, ಎಳೆಯಬಾರದಿತ್ತು. ಅದರ ಬದಲು ಒಂದು ಗೇಣು ಉದ್ದದ ಸಣ್ಣ ಕಬ್ಬಿಣದ ಸರಪಳಿ ತಗೊಳ್ಳಿ. ಮೇಲ್ತುದಿಗೆ ಒಂದು ಉಂಗುರ, ಉಂಗುರ ರಾಡಿಗೆ. ಸರಪಳಿಯ ಕಣ್ಣಿಗೆ ಹ್ಯಾಂಗರ್ ಕೊಕ್ಕೆ ಹೋಗುವಷ್ಟು ಅಗಲ ಇದೆಯಾ ಎಂದು ಮೊದಲೇ ನೋಡಿ. ಪ್ಲಾಸ್ಟಿಕ್ ಪಟ್ಟಿ ಮುರಿದರೂ ಸರಪಳಿ ಮುರಿಯುವುದಿಲ್ಲ.

ಪ್ಯಾಂಟಿನಲ್ಲಿ ನಿಜವಾದ ಉಳಿತಾಯ

ಹಂತದ ಹ್ಯಾಂಗರ್ ಎಲ್ಲಾದರೂ ಪೂರ್ತಿ ಲಾಭ ಕೊಟ್ಟಿತು ಎಂದರೆ ಪ್ಯಾಂಟಿನಲ್ಲಿ. ಎಸ್ ಆಕಾರದಲ್ಲಿ ಬಗ್ಗಿಸಿದ, ಐದು ಅಡ್ಡ ಸರಳಿರುವ ಲೋಹದ ಹ್ಯಾಂಗರ್ ಸಿಗುತ್ತದೆ. ಪ್ಯಾಂಟನ್ನು ಅಡ್ಡ ಸರಳಿನ ಮೇಲೆ ಮಡಚಿ ಹಾಕಿದರೆ ಅದು ಅರ್ಧಕ್ಕೆ ಗಿಡ್ಡವಾಗುತ್ತದೆ, ಕೆಳಗೆ ಬೇಕಾದಷ್ಟು ಎತ್ತರ ಉಳಿಯುತ್ತದೆ. ಸರಳಿನ ಒಂದು ತುದಿ ತೆರೆದಿರುವುದನ್ನೇ ತನ್ನಿ. ಮುಚ್ಚಿದ್ದಾದರೆ ಪ್ಯಾಂಟು ತೂರಿಸುವುದು ಸೂಜಿಗೆ ದಾರ ಪೋಣಿಸಿದ ಹಾಗೆ. ಸರಳಿನ ಮೇಲೆ ರಬ್ಬರ್ ಲೇಪ ಇರಲಿ.

ಜಾರುವ ಬಟ್ಟೆಯ ಪ್ಯಾಂಟಿಗೆ ಲಂಡನ್ನಿನ ಸ್ಯಾವಿಲ್ ರೋ ಬೀದಿಯ ದರ್ಜಿಗಳ ಹೆಸರಿನಲ್ಲಿ ಕರೆಯುವ ಒಂದು ಮಡಿಕೆ ಇದೆ. ಸಾಮಾನ್ಯ ಹ್ಯಾಂಗರಿನ ಅಡ್ಡ ಪಟ್ಟಿ ಸಾಕು. ಪ್ಯಾಂಟನ್ನು ಇಸ್ತ್ರಿ ಗೆರೆಗೆ ಸರಿಯಾಗಿ ಮಡಚಿ ಮಂಚದ ಮೇಲೆ ಮಲಗಿಸಿ, ಒಂದು ಕಾಲಿನ ಮೇಲೆ ಒಂದು ಕಾಲು. ಮೇಲಿನ ಕಾಲನ್ನು ಸೊಂಟದ ಕಡೆಗೆ ಎತ್ತಿ ಬದಿಗಿಡಿ. ಹ್ಯಾಂಗರಿನ ತ್ರಿಕೋನದೊಳಗೆ ಕೆಳಗಿನ ಕಾಲನ್ನು ತೂರಿಸಿ, ಪಟ್ಟಿಯನ್ನು ಮೊಣಕಾಲಿಗಿಂತ ಮೇಲೆ, ತೊಡೆಯ ನಡುವಿನವರೆಗೆ ತನ್ನಿ. ಈಗ ಆ ಕೆಳಗಿನ ಕಾಲನ್ನು ಪಟ್ಟಿಯ ಮೇಲೆ ಮಡಚಿ, ತುದಿ ಸೊಂಟದ ಕಡೆಗೆ ಬರಲಿ. ಆಮೇಲೆ ಬದಿಗಿಟ್ಟ ಕಾಲನ್ನು ತಂದು, ಮಡಚಿದ ಕಾಲಿನ ಮೇಲೆ ಹಾಯಿಸಿ, ಅದೇ ತ್ರಿಕೋನದೊಳಗಿಂದ ಮೇಲಿನಿಂದ ಕೆಳಕ್ಕೆ ತೂರಿಸಿ ಹಿಂದಕ್ಕೆ ಬಿಡಿ. ಎರಡು ಕಾಲೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಹ್ಯಾಂಗರ್ ಹಿಡಿದು ಅಲ್ಲಾಡಿಸಿದರೂ ಪ್ಯಾಂಟು ಬೀಳುವುದಿಲ್ಲ. ಮೊದಲ ಸಲ ಗೊಂದಲವಾಗುತ್ತದೆ, ಮೂರನೇ ಸಲ ಕೈಯೇ ಮಾಡುತ್ತದೆ.

ಜೀನ್ಸ್ ತೂಗಲೇಬೇಡಿ. ಒಂದೊಂದು 600-700 ಗ್ರಾಂ ತೂಗುತ್ತದೆ. ಅಂಗಿ 250 ಗ್ರಾಂ ಒಳಗೇ. ಐದು ಜೀನ್ಸ್ ಒಂದೇ ಕೊಕ್ಕೆಗೆ ಹಾಕಿದರೆ ಮೂರೂವರೆ ಕೆಜಿ ಹತ್ತಿರ. ಜೀನ್ಸಿಗೆ ಇಸ್ತ್ರಿಯ ಹಂಗಿಲ್ಲ. ಮಡಚಿ ಹಲಗೆಯ ಮೇಲೆ ಪುಸ್ತಕದ ಹಾಗೆ ನಿಲ್ಲಿಸಿ.

ಸ್ವೆಟರ್ ಕೂಡ ಅಷ್ಟೇ, ಮಡಚುವುದೇ ಸರಿ. ಹೆಣೆದ ಬಟ್ಟೆ ತನ್ನ ತೂಕಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ. ತೂಗಲೇಬೇಕಾದರೆ ಉದ್ದಕ್ಕೆ ಅರ್ಧ ಮಡಚಿ, ಕೊಕ್ಕೆ ಕಂಕುಳಲ್ಲಿ ಬರುವ ಹಾಗೆ ಹ್ಯಾಂಗರ್ ಇಟ್ಟು, ಒಂದು ಕಡೆಯಿಂದ ತೋಳುಗಳನ್ನೂ ಇನ್ನೊಂದು ಕಡೆಯಿಂದ ಮೈಯನ್ನೂ ಹ್ಯಾಂಗರಿನ ಮೇಲೆ ಮಡಚಿ ಹಾಕಿ. ಭುಜಕ್ಕೆ ಗುಬುಟು ಬರುವುದಿಲ್ಲ. ಸ್ಕಾರ್ಫು, ಬೆಲ್ಟಿಗೆ ಸ್ನಾನದ ಮನೆಯ ಪರದೆಯ ಉಂಗುರಗಳನ್ನು ಒಂದು ಹ್ಯಾಂಗರಿನ ಅಡ್ಡ ಪಟ್ಟಿಗೆ ಪೋಣಿಸಿದರೆ ಸಾಕು, ಬೇರೆ ಏನೂ ಕೊಳ್ಳಬೇಕಿಲ್ಲ.

ರಾಡನ್ನು ಮರೆತರೆ ಎಲ್ಲ ಮರೆತ ಹಾಗೆ

ಜಾಗ ಉಳಿಸುವ ಯಾವ ಹ್ಯಾಂಗರಾದರೂ ಕೊನೆಗೆ ಮಾಡುವುದು ಒಂದೇ, ಅದೇ ರಾಡಿಗೆ ಇನ್ನಷ್ಟು ಭಾರ ಹೊರಿಸುವುದು. ಸಮನಾಗಿ ಬಟ್ಟೆ ತುಂಬಿದ ರಾಡಿನ ಉದ್ದ ಎರಡರಷ್ಟಾದರೆ, ಅದು ನಡುವೆ ಬಾಗುವುದು 16 ಪಟ್ಟು ಜಾಸ್ತಿ. ಇದನ್ನೇ ತಿರುಗಿಸಿ ನೋಡಿ. ನಡುವೆ ಒಂದು ಆಧಾರ ಕೊಟ್ಟು ಉದ್ದವನ್ನು ಎರಡು ತುಂಡು ಮಾಡಿದರೆ ಬಾಗುವ ಚಿಂತೆ ಹೆಚ್ಚುಕಡಿಮೆ ಮುಗಿಯಿತು. ಮೇಲಿನ ಹಲಗೆಗೆ ಸ್ಕ್ರೂ ಹಾಕಿ ಇಳಿಬಿಡುವ ಕೊಕ್ಕೆಯಂಥ ಆಧಾರ ಸಿಗುತ್ತದೆ. ಮೀಟರಿಗಿಂತ ಉದ್ದದ ರಾಡು ಇದ್ದವರು ಹ್ಯಾಂಗರಿಗಿಂತ ಮೊದಲು ಅದನ್ನು ತನ್ನಿ. ಭಾರದ ಬಟ್ಟೆಗಳನ್ನು ನಡುವೆ ತೂಗಬೇಡಿ, ಎರಡು ತುದಿಯ ಹತ್ತಿರ ತೂಗಿ.

ನನ್ನ ರಾಡು ಬಾಗಿ ಬೀಳಲಿಲ್ಲ, ಸ್ಕ್ರೂ ಕಿತ್ತು ಬಿದ್ದಿತು. ಬೀರು ಮರದ ಪುಡಿ ಒತ್ತಿ ಮಾಡಿದ ಹಲಗೆಯದು. ಅಂಥ ಹಲಗೆಯಲ್ಲಿ ಒಮ್ಮೆ ಕಿತ್ತ ತೂತಿಗೆ ಮತ್ತೆ ಸ್ಕ್ರೂ ಹಾಕಿದರೆ ನಿಲ್ಲುವುದಿಲ್ಲ, ಒಳಗೆ ಪುಡಿಪುಡಿ ಉದುರುತ್ತದೆ. ಬಡಗಿಯೊಬ್ಬರು ತೋರಿಸಿದ ಉಪಾಯ ಇದು. ಬೀರುವಿನ ಎರಡೂ ಪಕ್ಕದ ಹಲಗೆಗೆ ತಾಗಿಸಿ, ತಳದಿಂದ ರಾಡಿನ ತುದಿಯವರೆಗೆ ಎರಡು ಬೆರಳು ಅಗಲದ ಒಂದೊಂದು ಮರದ ಪಟ್ಟಿ ನಿಲ್ಲಿಸಿದರು. ರಾಡಿನ ತುದಿ ಆ ಪಟ್ಟಿಗಳ ನೆತ್ತಿಯ ಮೇಲೆ ಕೂರುತ್ತದೆ. ಈಗ ಭಾರ ಸ್ಕ್ರೂ ಮೇಲೆ ಇಲ್ಲ, ಪಟ್ಟಿಯ ಮೂಲಕ ನೇರ ತಳಕ್ಕೆ ಇಳಿಯುತ್ತದೆ. ಸ್ಕ್ರೂ ಕೆಲಸ ಪಟ್ಟಿ ಅಲ್ಲಾಡದಂತೆ ಹಿಡಿಯುವುದು ಮಾತ್ರ.

ಎರಡನೇ ರಾಡು ಹಾಕುವ ಯೋಚನೆ ಇದ್ದರೆ, ಮೇಲಿನ ರಾಡಿಗೆ ಇಳಿಬಿಡುವಂಥದ್ದು ಬೇಡ. ಅದರ ಭಾರವೂ ಮೇಲಿನದಕ್ಕೇ. ಪಕ್ಕದ ಹಲಗೆಗಳಿಗೆ ಸ್ವತಂತ್ರವಾಗಿ ಕೂರಿಸಿ. ಎರಡು ಸಾಲು ಅಂಗಿಗೆ ಮೇಲಿನ ರಾಡಿನಿಂದ ತಳಕ್ಕೆ ಎರಡು ಮೀಟರ್ ಹತ್ತಿರ ಎತ್ತರ ಬೇಕು. ನನ್ನ 165ರಲ್ಲಿ ಅದು ಆಗಲಿಲ್ಲ.

ತೂಗುವ ಕ್ರಮ

ಉದ್ದದವು ಒಂದು ತುದಿಗೆ, ಗಿಡ್ಡವು ಇನ್ನೊಂದು ತುದಿಗೆ, ಇಳಿಜಾರಿನ ಹಾಗೆ. ಗಿಡ್ಡ ಬಟ್ಟೆಗಳ ಕೆಳಗಿನ ಖಾಲಿ ಎಲ್ಲ ಒಂದೇ ಕಡೆ ಸೇರುತ್ತದೆ, ಅಲ್ಲಿ ಒಂದು ಎರಡು ಅಂತಸ್ತಿನ ಡ್ರಾಯರ್ ಹಿಡಿಸಬಹುದು. ಚೂರುಚೂರು ಖಾಲಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಬಟ್ಟೆ ಕಡಿಮೆ ಮಾಡಲು ಒಂದು ಹಳೇ ಉಪಾಯ ಇದೆ. ಎಲ್ಲ ಕೊಕ್ಕೆಯನ್ನೂ ಉಲ್ಟಾ, ಅಂದರೆ ಬಾಯಿ ನಿಮ್ಮ ಕಡೆ ಬರುವ ಹಾಗೆ ಸಿಕ್ಕಿಸಿ. ಹಾಕಿ ಒಗೆದ ಬಟ್ಟೆಯನ್ನು ಸರಿಯಾದ ದಿಕ್ಕಿಗೆ ತೂಗಿ. ಆರು ತಿಂಗಳಾದ ಮೇಲೂ ಉಲ್ಟಾ ಇರುವುದು ನೀವು ಹಾಕದ ಬಟ್ಟೆ. ನನ್ನಲ್ಲಿ 17 ಉಲ್ಟಾ ಉಳಿದವು. ಮದುವೆ ಮುಂಜಿಯ ಬಟ್ಟೆ, ಚಳಿ ಬಟ್ಟೆಗೆ ಈ ಲೆಕ್ಕ ಹಿಡಿಯಬೇಡಿ. ಅವನ್ನು ಕಳೆದರೆ 11. ಅದರಲ್ಲಿ ಒಂಬತ್ತನ್ನು ಕೊಟ್ಟೆ. ಎರಡನ್ನು 'ಸಣ್ಣಗಾದ ಮೇಲೆ' ಹಾಕಲು ಇಟ್ಟುಕೊಂಡಿದ್ದೇನೆ, ಅದರ ಬಗ್ಗೆ ಮಾತು ಬೇಡ.

ರಾಡು ತುಂಬಿತೋ ಇಲ್ಲವೋ ತಿಳಿಯಲು ಅಂಗೈಯನ್ನು ನೆಟ್ಟಗೆ ಮಾಡಿ ಎರಡು ಬಟ್ಟೆಯ ನಡುವೆ ತೂರಿಸಿ. ಬಟ್ಟೆ ಸರಿದು ದಾರಿ ಬಿಟ್ಟರೆ ಸರಿ. ಬಿಡದೆ ಕೈಯನ್ನೇ ಒತ್ತಿದರೆ ಜಾಸ್ತಿಯಾಗಿದೆ ಎಂದರ್ಥ. ಅಷ್ಟು ಇಕ್ಕಟ್ಟಿನಲ್ಲಿ ಗಾಳಿ ಆಡುವುದಿಲ್ಲ, ತೇವ ಆರುವುದಿಲ್ಲ, ಇಸ್ತ್ರಿಯೂ ನಿಲ್ಲುವುದಿಲ್ಲ.

ಈಗ ರಾಡಿನ ಮೇಲೆ 43 ಬಟ್ಟೆ ಇವೆ. ಅಂಗೈ ಸಲೀಸಾಗಿ ಹೋಗುತ್ತದೆ. ಐದು ಹಂತದ ನಾಲ್ಕು ಪಟ್ಟಿಯಲ್ಲಿ ಒಂದನ್ನು ಹೆಂಡತಿ ದುಪಟ್ಟಾಗಳಿಗೆ ಎತ್ತಿಕೊಂಡಳು, ಎರಡು ಸೂಟ್‌ಕೇಸಿನೊಳಗೆ ಹೋದವು. ನಾಲ್ಕನೆಯದರ ಒಂದು ಕೊಕ್ಕೆ ಆ ರಾತ್ರಿಯೇ ಮುರಿದಿತ್ತು. ಅದನ್ನು ಅಡುಗೆಮನೆಯ ಬಾಗಿಲ ಹಿಂದೆ ಉಳಿದ ಕೊಕ್ಕೆಯಿಂದ ತೂಗಿದ್ದೇನೆ. ಕೈಚೀಲಗಳನ್ನು ಹಾಕಲು ಹೇಳಿ ಮಾಡಿಸಿದ ಹಾಗಿದೆ. ಮೇಲಿನ ತೂತಿನಲ್ಲಿ ಆ ಛತ್ರಿ ಇರುತ್ತದೆ.